ಕೊಯ್ದ ಸ್ಪ್ರಿಂಗು, ಬಾತ್‌ರೂಮಿನ ತೂಕದ ಮೆಷಿನ್ನು

ನಮ್ಮ ಗ್ಯಾರೇಜಿನ ಗೋಡೆಯ ಮೊಳೆಗೆ ಒಂದು ಸುತ್ತು ದಪ್ಪ ಉಕ್ಕಿನ ಸರಳು ನೇತುಬಿದ್ದಿದೆ. ನೋಡಿದವರು ಏನೋ ಬಳೆ ಇರಬೇಕು ಅಂದುಕೊಳ್ಳುತ್ತಾರೆ. ಅದು ನಾನು ಕಳೆದ ವರ್ಷ ಕಟಿಂಗ್ ವೀಲ್ ಹಿಡಿದು ನಮ್ಮ ಕಾರಿನ ಸ್ಪ್ರಿಂಗಿನಿಂದ ಕೊಯ್ದು ತೆಗೆದ ತುಂಡು. ಅದರ ಜೋಡಿ ತುಂಡು ಎಲ್ಲಿ ಹೋಯಿತೋ ಗೊತ್ತಿಲ್ಲ. ಇದೊಂದನ್ನು ಬೇಕೆಂದೇ ಇಟ್ಟುಕೊಂಡಿದ್ದೇನೆ.

ಕಾರು 1948ರ ಫೋರ್ಡ್ ಕೂಪೆ, ಎರಡು ಬಾಗಿಲಿನದು. ನಾವಿರುವುದು ಒಹಾಯೊದ ಡೇಟನ್ ಹತ್ತಿರ. ಇಲ್ಲಿ ಹಳೆಯ ಕಾರಿಗೆ ಹೊಸ ಎಂಜಿನ್, ಹೊಸ ಬ್ರೇಕ್ ಹಾಕಿ ರಸ್ತೆಗಿಳಿಸುವ ಚಟ ಓಣಿಗೊಬ್ಬರಿಗಾದರೂ ಇರುತ್ತದೆ. ಅಂಥ ಕಾರಿಗೆ ಸ್ಟ್ರೀಟ್ ರಾಡ್ ಅನ್ನುತ್ತಾರೆ. 1948 ಇಲ್ಲವೇ ಅದಕ್ಕೂ ಹಿಂದಿನದಾಗಿದ್ದರೆ ಮಾತ್ರ ಆ ಹೆಸರು ಅನ್ನುವುದು ಈ ಮಂದಿಯ ಹಳೆಯ ಕಟ್ಟು. ಹಾಗಾಗಿ ನಮ್ಮದು ಗಡಿಯ ಮೇಲೆ ನಿಂತ ಗಾಡಿ. ಇನ್ನೊಂದು ಗಡಿಯೂ ಅಲ್ಲೇ ಇದೆ. ಮಾಡೆಲ್ ಟಿ ಶುರುವಾದ 1908ರಿಂದ 1948ರವರೆಗೆ ಫೋರ್ಡ್ ಕಾರುಗಳ ಮುಂದೆ ಇದ್ದದ್ದು ಒಂದೇ ಏರ್ಪಾಟು: ಗಟ್ಟಿ ಆಕ್ಸೆಲ್, ಅದರ ಮೇಲೆ ಅಡ್ಡಡ್ಡ ಮಲಗಿದ ಒಂದೇ ಒಂದು ಬ್ಲೇಡ್ ಸೆಟ್, ಅಂದರೆ ಪಟ್ಟಿಗಳ ಸ್ಪ್ರಿಂಗು. ಎತ್ತಿನ ಗಾಡಿಯ ತಮ್ಮ ಅಂದರೂ ನಡೆಯುತ್ತದೆ. 1949ರ ಮಾಡೆಲ್‌ನಲ್ಲಿ ಎರಡು ಚಕ್ರಕ್ಕೂ ಬೇರೆ ಬೇರೆ ಕಾಯಿಲ್ ಸ್ಪ್ರಿಂಗ್ ಬಂದವು. ಒಂದು ವರ್ಷ ತಡವಾಗಿ ಹುಟ್ಟಿದ್ದರೆ ನನ್ನ ಕಾರಿಗೆ ಈ ಆಪರೇಷನ್ನೇ ಬೇಕಿರಲಿಲ್ಲ.

ಹಳೆಯ ಆಕ್ಸೆಲನ್ನೇ ಉಳಿಸಿಕೊಂಡು ಓಡಿಸುವ ಶುದ್ಧಾಚಾರದವರೂ ಇದ್ದಾರೆ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನನಗೆ ಹೆಂಡತಿ, ಮಗನ ಜೊತೆ ಕೆಂಟಕಿ ರಾಜ್ಯದ ಲೂಯಿವಿಲ್‌ವರೆಗೆ ನೂರೈವತ್ತು ಮೈಲಿ ಹೋಗಬೇಕಿತ್ತು, ಬೆನ್ನು ನೆಟ್ಟಗೆ ಉಳಿಸಿಕೊಂಡು ವಾಪಸ್ ಬರಬೇಕಿತ್ತು. ಅದಕ್ಕೇ ಮಸ್ಟಾಂಗ್ 2 ಮಾದರಿಯ ಮುಂಭಾಗ ಹಾಕಿದೆ. 1974ರಿಂದ 1978ರವರೆಗೆ ಬಂದ ಆ ಪುಟ್ಟ ಮಸ್ಟಾಂಗನ್ನು ಕಾರಾಗಿ ಹೊಗಳುವವರು ಕಡಿಮೆ. ಅದರ ಮುಂದಿನ ಸಸ್ಪೆನ್ಶನ್ ಮಾತ್ರ ಸ್ಟ್ರೀಟ್ ರಾಡ್ ಮಂದಿಗೆ ಮನೆದೇವರು. ಅದಕ್ಕೂ ಮುಂಚೆ, 1971ರಲ್ಲಿ ಬಂದ ಪಿಂಟೊ ಕಾರಿನಲ್ಲೂ ಇದ್ದದ್ದು ಇದೇ ಬಗೆಯದು. ಮೇಲೊಂದು ಗಿಡ್ಡ ಆರ್ಮ್, ಕೆಳಗೊಂದು ಉದ್ದನೆಯ ಆರ್ಮ್, ಮಧ್ಯೆ ಕಾಯಿಲ್ ಸ್ಪ್ರಿಂಗ್, ಸ್ಪ್ರಿಂಗಿನ ಹೊಟ್ಟೆಯೊಳಗೇ ಶಾಕ್ ಅಬ್ಸಾರ್ಬರ್, ಮುಂದೆ ರ್‍ಯಾಕ್ ಸ್ಟೇರಿಂಗ್. ಜಾಗ ತಿನ್ನುವುದಿಲ್ಲ, ಎಂಜಿನ್ನಿನ ಎಣ್ಣೆ ತೊಟ್ಟಿಗೆ ಅಡ್ಡ ಬರುವುದಿಲ್ಲ. ಈಗ ಗುಜರಿಯಿಂದ ಬಿಚ್ಚಿ ತರುವ ಕಷ್ಟವೂ ಇಲ್ಲ, ಎಲ್ಲ ಹೊಸದಾಗಿ ಮಾಡಿದ್ದೇ ಸಿಗುತ್ತದೆ.

ಕ್ರಾಸ್‌ಮೆಂಬರ್ (ಚಾಸಿಯ ಅಡ್ಡ ತೊಲೆ) ಕೂರಿಸಿ ವೆಲ್ಡ್ ಮಾಡಿದ ಪುರಾಣ ಇಲ್ಲಿ ಬೇಡ. ಎರಡು ವಾರ ಅಳತೆ, ಒಂದು ದಿನ ವೆಲ್ಡಿಂಗು. ಈ ಮಾತೆಲ್ಲ ಸ್ಪ್ರಿಂಗಿನದು.

ಕಿಟ್ ತರಿಸುವಾಗ ಫಾರ್ಮಿನಲ್ಲಿ ಸ್ಪ್ರಿಂಗಿನ ಬಗ್ಗೆ ಇದ್ದದ್ದು ಒಂದೇ ಪ್ರಶ್ನೆ: ಎಂಜಿನ್ ಯಾವುದು? ನಾಲ್ಕು ಅಥವಾ ಆರು ಸಿಲಿಂಡರ್, ಸಣ್ಣ ವಿ8, ದೊಡ್ಡ ವಿ8. ನನ್ನದು ಫೋರ್ಡಿನದೇ 302 (ಅಷ್ಟು ಘನ ಇಂಚಿನ ಎಂಜಿನ್), ಸಣ್ಣ ವಿ8ಗೆ ಟಿಕ್ ಹಾಕಿದೆ. ಆ ಟಿಕ್ಕಿನೊಳಗೆ ಏನೇನು ಬಂತು ಅಂತ ಆಗ ಹೊಳೆಯಲಿಲ್ಲ. ಅಷ್ಟೂ ಎರಕದ ಕಬ್ಬಿಣದ ಷೆವಿ 350 ಕೂಡ ಸಣ್ಣ ವಿ8ನೇ, ಅಲ್ಯುಮಿನಿಯಂ ಹೆಡ್ ಹಾಕಿದ ನನ್ನ 302 ಕೂಡ ಸಣ್ಣ ವಿ8ನೇ. ಎರಡರ ಮಧ್ಯೆ ನೂರು ಪೌಂಡಿಗೂ ಮೀರಿದ ವ್ಯತ್ಯಾಸ ಇದೆ. ಬ್ಯಾಟರಿ ಎಲ್ಲಿದೆ, ಏಸಿ ಉಂಟಾ, ಬಂಪರ್ ಉಕ್ಕಿನದಾ ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಸ್ಪ್ರಿಂಗ್ ಬಂತು, ಹಾಕಿದೆ, ಜಾಕಿ ಇಳಿಸಿದೆ. ಮುಂದಿನ ಚಕ್ರ ಇರಬೇಕಾದ್ದಕ್ಕಿಂತ ಎರಡೂಕಾಲು ಇಂಚು ಕೆಳಗೆ ಜೋತಿತ್ತು. ಅಂದರೆ ಕಾರು ಅಷ್ಟು ಎತ್ತರಕ್ಕೆ ಮೂತಿ ಎತ್ತಿ ನಿಂತಿತ್ತು. ಪಕ್ಕದ ಬೀದಿಯ ಗೆಳೆಯ, ಮಂಡ್ಯದ ಹುಡುಗ, ಬಂದವನು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಅಣ್ಣ, ಇದು ಜೀಪಾಯ್ತಲ್ಲ" ಅಂದ. ಅವನು ಹೇಳಿದ್ದು ತಮಾಷೆಗೆ. ನನಗೆ ಮಾತ್ರ ನಾಟಿತು.

ಆ ದಿನ ಕಾರಿನ ಮೇಲೆ ಏನಿರಲಿಲ್ಲ ಅಂತ ಈಗ ಹೇಳುತ್ತೇನೆ: ಮುಂದಿನ ಎರಡು ಮಡ್‌ಗಾರ್ಡ್ ಇರಲಿಲ್ಲ, ಬಾನೆಟ್ ಇರಲಿಲ್ಲ, ರೇಡಿಯೇಟರ್ ಇರಲಿಲ್ಲ, ಅದರ ನೀರಿರಲಿಲ್ಲ, ಎಂಜಿನ್ನಿನಲ್ಲಿ ಎಣ್ಣೆ ಇರಲಿಲ್ಲ, ಬಂಪರ್ ಇಲ್ಲ, ಬ್ಯಾಟರಿ ಇಲ್ಲ, ಸೀಟಿಲ್ಲ, ಗಾಜಿಲ್ಲ. ಬರಿಯ ಎಂಜಿನ್ನು, ಗೇರ್‌ಬಾಕ್ಸು, ಬಾಡಿಯ ಚಿಪ್ಪು. ಇಷ್ಟು ಗೊತ್ತಿದ್ದೂ ನಾನು ಗ್ರೈಂಡರ್ ಕೈಗೆತ್ತಿಕೊಂಡೆ. "ಸಾವಿರ ಮೈಲಿ ಓಡಿದರೆ ಸ್ಪ್ರಿಂಗ್ ತಾನೇ ಕೂರುತ್ತದೆ" ಅಂತ ಒಬ್ಬರು ಹೇಳಿದ್ದರು. ಎರಡೂಕಾಲು ಇಂಚು ಯಾವ ಸ್ಪ್ರಿಂಗೂ ಕೂರುವುದಿಲ್ಲ, ಅಷ್ಟು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಅರ್ಧ ಮಾತ್ರ, ಅದೇ ತೊಂದರೆ.

ಒಂದು ಸುತ್ತು ಕೊಯ್ದೆ. ಗ್ಯಾಸ್ ಕಟರ್ ಹಿಡಿಯಲಿಲ್ಲ, ಅದೊಂದು ಪುಣ್ಯ. ಆ ಕಾವಿಗೆ ಉಕ್ಕಿನ ಹದ ಹೋಗಿ ಮುಂದೊಂದು ದಿನ ಅಲ್ಲೇ ಮುರಿಯುತ್ತದೆ. ತೆಳು ಕಟಿಂಗ್ ವೀಲ್ ಹಾಕಿ, ಪಕ್ಕದ ಸುತ್ತಿಗೆ ಒದ್ದೆ ಗೋಣಿ ಸುತ್ತಿ, ನಿಲ್ಲಿಸಿ ನಿಲ್ಲಿಸಿ ಕೊಯ್ದೆ. ಮತ್ತೆ ಹಾಕಿ ಇಳಿಸಿದರೆ ಕಾರು ಹೇಳಿ ಮಾಡಿಸಿದ ಹಾಗೆ ಕೂತಿತು. ಕಾಲು ಇಂಚಷ್ಟೇ ಎತ್ತರ. ಫೋಟೊ ತೆಗೆದೆ, ಊರಿಗೆಲ್ಲ ಕಳಿಸಿದೆ.

ಮುಂದೆ ನಾಲ್ಕು ತಿಂಗಳು ಉಳಿದ ಕೆಲಸ. ಮಡ್‌ಗಾರ್ಡು, ಬಾನೆಟ್ಟು, ಏಸಿ, ಬಂಪರು ಎಲ್ಲ ಒಂದೊಂದಾಗಿ ಏರಿದವು. ದಿನಾ ನೋಡುತ್ತಿದ್ದವನಿಗೆ ಕಾರು ಸ್ವಲ್ಪ ಸ್ವಲ್ಪವೇ ತಗ್ಗುತ್ತಿರುವುದು ಕಣ್ಣಿಗೇ ಬೀಳಲಿಲ್ಲ. ಮೊದಲ ಸಲ ರಸ್ತೆಗೆ ತೆಗೆದ ದಿನ, ಮನೆಯಿಂದ ಎರಡು ಮೈಲಿಯಲ್ಲಿರುವ ರೈಲ್ವೆ ಕ್ರಾಸಿಂಗಿನಲ್ಲಿ ಧಡ್ ಅಂತ ಒಂದು ಸದ್ದು ಬಂತು. ಸ್ಟೇರಿಂಗ್ ಕೈಯಲ್ಲಿ ಜಾಡಿಸಿತು. ಹೈವೇಯ ಕಾಂಕ್ರೀಟ್ ಜೋಡಣೆಗಳ ಮೇಲಂತೂ ಮೂತಿ ಮೇಲೆ, ಬಾಲ ಕೆಳಗೆ, ಬಾಲ ಮೇಲೆ, ಮೂತಿ ಕೆಳಗೆ. ಹಿಂದೆ ಕೂತ ಮಗ, "ಅಪ್ಪಾ, ಇದು ಕುದುರೆ" ಅಂದ. ಜೀಪಾಯಿತು, ಕುದುರೆಯೂ ಆಯಿತು.

ಸದ್ದು ಎಲ್ಲಿಂದ ಅಂತ ಹುಡುಕಲು ಮಗನ ಹಳೆಯ ಪ್ಲಾಸ್ಟಿಸೀನ್ ಮಣ್ಣನ್ನು ಎರಡೂ ಕಡೆ ಬಂಪ್ ಸ್ಟಾಪ್, ಅಂದರೆ ಆರ್ಮ್ ಮೇಲಕ್ಕೆ ಬಡಿಯದಂತೆ ತಡೆಯುವ ರಬ್ಬರಿನ ಮೇಲೆ ಗೋಲಿಯಷ್ಟು ಅಂಟಿಸಿ ಇನ್ನೊಂದು ಸುತ್ತು ಹೋಗಿ ಬಂದೆ. ಬಂದು ನೋಡಿದರೆ ಎರಡೂ ಗೋಲಿ ಚಪಾತಿ. ಕೆಳಗಿನ ಆರ್ಮ್ ಪ್ರತಿ ದೊಡ್ಡ ಉಬ್ಬಿಗೂ ರಬ್ಬರಿಗೆ ಗುದ್ದುತ್ತಿತ್ತು. ಕಾರು ನಿಂತಿದ್ದಾಗ ಚಕ್ರದ ಲೆಕ್ಕದಲ್ಲಿ ಒಂದೂಮುಕ್ಕಾಲು ಇಂಚು ಇರಬೇಕಾದ ಸಂದು ಒಂದು ಇಂಚೂ ಉಳಿದಿರಲಿಲ್ಲ. ಆರ್ಮಿಗೆ ರಸಮಟ್ಟ ಇಟ್ಟರೆ ಗುಳ್ಳೆ ಒಂದು ಬದಿಗೆ ಓಡಿತು. ಬಾಲ್ ಜಾಯಿಂಟ್ ಕಡೆ, ಅಂದರೆ ಚಕ್ರದ ಕಡೆಯ ತುದಿ, ಮೇಲೆದ್ದಿತ್ತು.

ಆ ಭಾನುವಾರ ದಾವಣಗೆರೆಗೆ ಫೋನ್ ಮಾಡಿದಾಗ ಚಿಕ್ಕಪ್ಪನಿಗೂ ಇದನ್ನೇ ಹೇಳಿಕೊಂಡೆ. ಅವರು ನಲವತ್ತು ವರ್ಷ ಲಾರಿಗೆ ಬ್ಲೇಡ್ ಕಟ್ಟಿದವರು. ಕಾಯಿಲ್ ಸ್ಪ್ರಿಂಗ್ ಅಂದರೆ ಅವರಿಗೆ ಆಟದ ಸಾಮಾನು. ಎಲ್ಲ ಕೇಳಿಸಿಕೊಂಡು, "ಅಲ್ಲಲೇ, ಗಾಡಿ ತೂಕ ಎಷ್ಟೈತಿ?" ಅಂದರು.

"ಸರಿಯಾಗಿ ಗೊತ್ತಿಲ್ಲ ಚಿಕ್ಕಪ್ಪಾ. ಮೂರು ಸಾವಿರ ಪೌಂಡ್ ಆಸುಪಾಸು ಇರಬಹುದು."

"ಆಸುಪಾಸು ಏನ್ ಬಂತು? ಮುಂದೆ ಎಷ್ಟು, ಹಿಂದೆ ಎಷ್ಟು? ತೂಕ ಗೊತ್ತಿಲ್ದ ಬ್ಲೇಡ್ ಹೆಂಗ್ ಕಟ್ತೀ? ಮೊದ್ಲು ವೇಬ್ರಿಜ್ಜಿಗೆ ಹೋಗು."

ಇಂಜಿನಿಯರಿಂಗ್ ಓದಿದವನು ನಾನು. ಫೋನಿಟ್ಟು ಸುಮಾರು ಹೊತ್ತು ಸುಮ್ಮನೆ ಕೂತೆ.

ಇಲ್ಲಿ ಹೈವೇ ಪಕ್ಕದ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ವೇಬ್ರಿಜ್ಜು ಇರುತ್ತದೆ. ಅದು ಆಕ್ಸೆಲ್ ಲೆಕ್ಕ ಕೊಡುತ್ತದೆ, ಒಂದೊಂದೇ ಚಕ್ರದ ಲೆಕ್ಕ ಕೊಡುವುದಿಲ್ಲ. ನನಗೆ ಎಡ ಬಲ ಬೇರೆ ಬೇರೆ ಬೇಕಿತ್ತು. ರೇಸಿನವರು ಇಟ್ಟುಕೊಳ್ಳುವ ನಾಲ್ಕು ಪ್ಯಾಡಿನ ತಕ್ಕಡಿ ಕೊಳ್ಳುವಷ್ಟು ದುಡ್ಡಿನಲ್ಲಿ ನಾಲ್ಕು ಜೊತೆ ಸ್ಪ್ರಿಂಗ್ ಬರುತ್ತದೆ. ಹಾಗಾಗಿ ಹಳೆಯ ಉಪಾಯ: ಬಾತ್‌ರೂಮಿನ ತೂಕದ ಮೆಷಿನ್ನು, ಒಂದು ದಪ್ಪ ಹಲಗೆ, ಎರಡು ತುಂಡು ಪೈಪು.

ಹಲಗೆಯ ಒಂದು ತುದಿಯ ಪೈಪು ಮೆಷಿನ್ನಿನ ಮೇಲೆ, ಇನ್ನೊಂದು ತುದಿಯ ಪೈಪು ಅಷ್ಟೇ ಎತ್ತರದ ಮರದ ದಿಮ್ಮಿಯ ಮೇಲೆ. ಎರಡು ಪೈಪಿನ ನಡುವೆ ಸರಿಯಾಗಿ 36 ಇಂಚು. ಚಕ್ರದ ನಟ್ಟನಡು ದಿಮ್ಮಿಯ ಪೈಪಿನಿಂದ 12 ಇಂಚಿಗೆ ಬರುವಂತೆ ಇಳಿಸಬೇಕು. ಆಗ ಮೆಷಿನ್ನಿನ ಪಾಲಿಗೆ ಬರುವುದು ಮೂರನೇ ಒಂದು ಭಾಗ. ತೋರಿಸಿದ್ದನ್ನು ಮೂರರಿಂದ ಗುಣಿಸಿದರೆ ಮುಗಿಯಿತು. ಹಲಗೆ ಇಟ್ಟಾಗಲೇ ಮೆಷಿನ್ ಎಷ್ಟು ತೋರಿಸುತ್ತದೋ ಅದನ್ನು ಮೊದಲೇ ಕಳೆಯಬೇಕು. ಉಳಿದ ಮೂರು ಚಕ್ರಗಳ ಕೆಳಗೂ ಅಷ್ಟೇ ಎತ್ತರದ ಮರ ಇರಬೇಕು. ಇಲ್ಲದಿದ್ದರೆ ಕಾರು ವಾಲಿ ಲೆಕ್ಕ ಕೆಡುತ್ತದೆ. ಜಾಕಿಯಿಂದ ಇಳಿಸಿದ ಕೂಡಲೇ ಓದಲೂ ಬಾರದು. ಎತ್ತಿದಾಗ ಒಳಕ್ಕೆ ಎಳೆದುಕೊಂಡ ಟೈರು ಇಳಿಸಿದ ಮೇಲೆ ಹೊರಕ್ಕೆ ಜಾರಬೇಕು, ಹಲಗೆಯ ಒರಟಿಗೆ ಅದು ಜಾರುವುದಿಲ್ಲ. ಟೈರಿನ ಕೆಳಗೆ ಎರಡು ಪ್ಲಾಸ್ಟಿಕ್ ಹಾಳೆ, ನಡುವೆ ಗ್ರೀಸು ಹಚ್ಚಿ ಇಟ್ಟೆ. ಆಮೇಲೆ ಬಂಪರ್ ಹಿಡಿದು ನಾಲ್ಕು ಸಲ ಕುಲುಕಿಸಿದೆ.

ನಾನು ಕೆಳಗೆ ಕೂತು ಓದಬೇಕಾದ್ದರಿಂದ ಸ್ಟೇರಿಂಗಿನ ಹಿಂದೆ ಮಗನನ್ನು ಕೂರಿಸಿದೆ. ಅವನು ನನಗಿಂತ ನಲವತ್ತು ಪೌಂಡ್ ಕಡಿಮೆ. 20 ಪೌಂಡಿನ ಸೋನಾ ಮಸೂರಿ ಅಕ್ಕಿ ಚೀಲ ಎರಡನ್ನು ಅವನ ತೊಡೆಯ ಮೇಲಿಟ್ಟೆ. ಒಳಗಿನಿಂದ ಹೆಂಡತಿಯ ದನಿ: "ರೀ, ಅಕ್ಕಿ ಎಲ್ಲಿ ಹೋಯ್ತು? ನನ್ನ ಮೆಷಿನ್ ಎಲ್ಲಿ ಹೋಯ್ತು?" ಎರಡಕ್ಕೂ ಒಂದೇ ಉತ್ತರ.

ಎಡಕ್ಕೆ 270 ತೋರಿಸಿತು, ಅಂದರೆ 810 ಪೌಂಡ್. ಬಲಕ್ಕೆ 254, ಅಂದರೆ 762. ಮುಂದಿನ ಎರಡೂ ಸೇರಿ 1,572. ಆಮೇಲೆ ಟ್ರಕ್ ಸ್ಟಾಪಿನ ಸ್ಕೇಲಿಗೂ ಹತ್ತಿಸಿ ನೋಡಿದೆ. ಮುಂದಿನ ಆಕ್ಸೆಲ್ 1,580 ಬಂತು. ಬಾತ್‌ರೂಮಿಗೆ ಇಷ್ಟು ನಿಖರತೆ ಸಾಕು.

ಇದರಲ್ಲಿ ಸ್ಪ್ರಿಂಗ್ ಹೊರದ ತೂಕವೂ ಇದೆ. ಚಕ್ರ, ಟೈರು, ಡಿಸ್ಕು, ಕ್ಯಾಲಿಪರ್ರು, ಆರ್ಮುಗಳ ಅರ್ಧ ಪಾಲು ಇವೆಲ್ಲ ನೆಲದ ಮೇಲೆ ನಿಂತವು, ಸ್ಪ್ರಿಂಗಿನ ತಲೆ ಮೇಲೆ ಅಲ್ಲ. ಬಿಚ್ಚಿ ತೂಗಿದ್ದನ್ನೆಲ್ಲ ಕೂಡಿಸಿದರೆ ಬದಿಗೆ ನೂರು ಪೌಂಡ್. ಉಳಿದದ್ದು ಎಡಕ್ಕೆ 710, ಬಲಕ್ಕೆ 662, ಸರಾಸರಿ 686.

ಈಗ ಸನ್ನೆಕೋಲಿನ ಲೆಕ್ಕ. ಸ್ಪ್ರಿಂಗ್ ಚಕ್ರದ ಮೇಲೇ ಕೂತಿಲ್ಲ, ಕೆಳಗಿನ ಆರ್ಮಿನ ನಡುವೆ ಎಲ್ಲೋ ಕೂತಿದೆ. ನನ್ನದರಲ್ಲಿ ಆರ್ಮ್ ತಿರುಗುವ ಒಳಗಿನ ಪಿವಟ್ಟಿನಿಂದ ಬಾಲ್ ಜಾಯಿಂಟಿಗೆ 13 ಇಂಚು, ಸ್ಪ್ರಿಂಗಿನ ನಡುವಿಗೆ ಏಳೂವರೆ. ಭಾಗಿಸಿದರೆ 0.577. ಸ್ಪ್ರಿಂಗ್ ಸುಮಾರು ಹತ್ತು ಡಿಗ್ರಿ ವಾಲಿದ್ದಕ್ಕೆ ಇನ್ನಷ್ಟು ಕಳೆದರೆ 0.568. ಚಕ್ರ ಒಂದು ಇಂಚು ಮೇಲೆ ಹೋದರೆ ಸ್ಪ್ರಿಂಗ್ ಕುಗ್ಗುವುದು ಅರ್ಧ ಇಂಚಿಗಿಂತ ಚೂರು ಹೆಚ್ಚು. ಅದು ತಿರುಗಿ ಒತ್ತುವ ಬಲವೂ ಚಕ್ರಕ್ಕೆ ತಲುಪುವಷ್ಟರಲ್ಲಿ ಅಷ್ಟೇ ಪಾಲಿಗೆ ಇಳಿದಿರುತ್ತದೆ. ಹೋಗುವಾಗ ಒಂದು ಕಡಿತ, ಬರುವಾಗ ಇನ್ನೊಂದು. ಹಾಗಾಗಿ ಈ ಅಂಕಿಯನ್ನು ಅದರಿಂದಲೇ ಗುಣಿಸಬೇಕು: 0.323. ಬಹಳ ಮಂದಿ ಎಡವುವುದು ಇಲ್ಲೇ. ಇಂಚಿಗೆ 400 ಪೌಂಡಿನ ಸ್ಪ್ರಿಂಗ್, ಅಂದರೆ ಒಂದು ಇಂಚು ಕುಗ್ಗಿಸಲು 400 ಪೌಂಡ್ ಬೇಕಾದದ್ದು, ಕೇಳಲು ಭಾರಿ. ಚಕ್ರದ ಹತ್ತಿರ ಅದು 129 ಮಾತ್ರ. ನಮ್ಮ ಕಡೆಯ ಲೆಕ್ಕ ಬೇಕಾದವರಿಗೆ, ಇಂಚಿಗೆ 400 ಪೌಂಡ್ ಅಂದರೆ ಮಿಲಿಮೀಟರಿಗೆ ಸುಮಾರು 7.1 ಕಿಲೋ.

ಅದೇ ಸನ್ನೆಕೋಲು ಭಾರವನ್ನು ಹೆಚ್ಚಿಸುತ್ತದೆ. ಚಕ್ರದಲ್ಲಿ 686 ಇದ್ದದ್ದು ಸ್ಪ್ರಿಂಗಿನ ಮೇಲೆ 1,208 ಪೌಂಡ್ ಆಗಿ ಕೂರುತ್ತದೆ.

ಸರಿ, ಆ ಭಾರ ಕೂತಾಗ ಸ್ಪ್ರಿಂಗ್ ಎಷ್ಟು ಎತ್ತರ ಇರಬೇಕು? ಇದಕ್ಕೆ ಯಾವ ಪುಸ್ತಕವೂ ಬೇಡ, ಕಾರೇ ಹೇಳುತ್ತದೆ. ಸ್ಪ್ರಿಂಗ್, ಶಾಕ್ ಎರಡೂ ಬಿಚ್ಚಿ, ಶಾಕಿನ ಜಾಗಕ್ಕೆ ತೂತು ಕೊರೆದ ಕಬ್ಬಿಣದ ಪಟ್ಟಿ ಬಿಗಿದು, ಕೆಳಗಿನ ಆರ್ಮ್ ನೆಲಕ್ಕೆ ಸಮನಾಗಿ ನಿಲ್ಲುವಂತೆ ಹಿಡಿದಿಡಬೇಕು. ರಸಮಟ್ಟದ ಗುಳ್ಳೆ ನಡುವೆ ನಿಂತಾಗ ಸ್ಪ್ರಿಂಗ್ ಕೂರುವ ಮೇಲಿನ ಕಪ್ಪಿನಿಂದ ಕೆಳಗಿನ ಪಾಕೆಟ್ಟಿಗೆ ಅಳೆದೆ: ಎಂಟೂವರೆ ಇಂಚು. ಆರ್ಮ್ ಸಮನಾಗಿಯೇ ಇರಬೇಕು ಅನ್ನುವುದು ಚಂದಕ್ಕಲ್ಲ. ಈ ಮುಂಭಾಗವನ್ನು ರೂಪಿಸಿದ್ದೇ ಹಾಗೆ. ರ್‍ಯಾಕಿನ ಟೈ ರಾಡ್ (ಚಕ್ರವನ್ನು ತಿರುಗಿಸುವ ಸರಳು) ಮತ್ತು ಕೆಳಗಿನ ಆರ್ಮ್ ಜೊತೆಜೊತೆಯಾಗಿ ಒಂದೇ ಕಮಾನಿನಲ್ಲಿ ಆಡಬೇಕು. ಕಾರು ಬಹಳ ತಗ್ಗಿದರೆ ಆ ಜೊತೆ ತಪ್ಪಿ, ಉಬ್ಬು ಬಂದಾಗಲೆಲ್ಲ ಚಕ್ರ ತನ್ನಷ್ಟಕ್ಕೆ ಒಂದಿಷ್ಟು ತಿರುಗುತ್ತದೆ. ರೈಲ್ವೆ ಕ್ರಾಸಿಂಗಿನಲ್ಲಿ ಸ್ಟೇರಿಂಗ್ ಜಾಡಿಸಿದ್ದರಲ್ಲಿ ರಬ್ಬರಿನ ಗುದ್ದಿನ ಜೊತೆಗೆ ಇದರ ಪಾಲೂ ಇತ್ತು.

ಈಗ ನಾನು ಕೊಯ್ದ ಸ್ಪ್ರಿಂಗಿಗೆ ಮರಣೋತ್ತರ ಪರೀಕ್ಷೆ. ಸ್ಪ್ರಿಂಗಿನ ಗಡಸು ನಿಂತಿರುವುದು ಮೂರು ಅಳತೆಗಳ ಮೇಲೆ: ಸರಳಿನ ದಪ್ಪ, ಸುರುಳಿಯ ವ್ಯಾಸ, ಆಡುವ ಸುತ್ತುಗಳ ಸಂಖ್ಯೆ. ಸರಳಿನ ದಪ್ಪವನ್ನು ಅದರಿಂದಲೇ ಗುಣಿಸುತ್ತಾ ನಾಲ್ಕನೇ ಘಾತಕ್ಕೆ ಏರಿಸಿ 1.15 ಕೋಟಿಯಿಂದ ಗುಣಿಸಬೇಕು. ಅದನ್ನು ಭಾಗಿಸಬೇಕಾದ್ದು ಸುರುಳಿಯ ಸರಾಸರಿ ವ್ಯಾಸದ ಮೂರನೇ ಘಾತ, ಸುತ್ತುಗಳು, 8 ಈ ಮೂರರ ಗುಣಲಬ್ಧದಿಂದ. ಅಳತೆ ಎಲ್ಲ ಇಂಚಿನಲ್ಲಿ. ನಾಲ್ಕನೇ ಘಾತ ಅನ್ನುವುದು ಎಂಥ ಮೋಸಗಾರ ಅಂದರೆ, ಮೊದಲು ವರ್ನಿಯರ್ ಹಿಡಿದಾಗ ಸರಳು 0.61 ಇಂಚು ಬಂತು. ಅದರ ಪ್ರಕಾರ ಸ್ಪ್ರಿಂಗು ಇಂಚಿಗೆ 560 ಪೌಂಡು. ನಂಬಿಕೆ ಬರಲಿಲ್ಲ. ಕೊಯ್ದ ತುಂಡಿನ ತುದಿಯಲ್ಲಿ ಪುಡಿಬಣ್ಣ ಕೆರೆದು ಬರಿ ಉಕ್ಕನ್ನು ಅಳೆದರೆ 0.59. ಎರಡೂ ಬದಿ ಬಣ್ಣದ ಪದರ ಸೇರಿ ಇಂಚಿನ ನೂರರಲ್ಲಿ ಎರಡು ಪಾಲು. ಲೆಕ್ಕ 560ರಿಂದ 485ಕ್ಕೆ ಇಳಿಯಿತು! ಹಳೆಯ ಸ್ಪ್ರಿಂಗ್ ಅಳೆಯುವವರು ಮೊದಲು ಬಣ್ಣ ಕೆರೆಯಿರಿ, ತುಕ್ಕಿದ್ದರೆ ಅದನ್ನೂ.

ಇಂಚಿಗೆ 485, ಬಿಡಿಯಾಗಿ ನಿಂತಾಗ ಹನ್ನೊಂದೂವರೆ ಇಂಚು ಎತ್ತರ, ಆಡುವ ಸುತ್ತು ಆರೂವರೆ. ಒಂದು ಸುತ್ತು ಕೊಯ್ದ ಮೇಲೆ ಐದೂವರೆ. ಸರಳು ಗಿಡ್ಡವಾದಷ್ಟೂ ತಿರುಚುವುದು ಕಷ್ಟ, ಹಾಗಾಗಿ ಗಡಸು 573ಕ್ಕೆ ಏರಿತು. ಕೊಯ್ದರೆ ಸ್ಪ್ರಿಂಗ್ ತಗ್ಗುತ್ತದೆ ಅನ್ನುವುದು ನಿಜ, ಆದರೆ ಮೆತ್ತಗಾಗುವುದಿಲ್ಲ, ಇನ್ನೂ ಗಡುಸಾಗುತ್ತದೆ. ನಾನು ಒಂದೇ ಏಟಿಗೆ ಕಾರನ್ನು ತಗ್ಗಿಸಿ ಗಡುಸೂ ಮಾಡಿದ್ದೆ. ಬಂಪ್ ಸ್ಟಾಪಿನ ಸಂದು ಕಡಿಮೆ ಮಾಡಿ, ಮೇಲಿನಿಂದ ಸವಾರಿಯನ್ನೂ ಕೆಡಿಸಿದ್ದೆ.

ಕುದುರೆ ಸವಾರಿಗೂ ಉತ್ತರ ಸಿಕ್ಕಿತು. ಚಕ್ರದ ಹತ್ತಿರದ ಗಡಸನ್ನು ಸ್ಪ್ರಿಂಗ್ ಹೊರುವ ತೂಕದಿಂದ ಭಾಗಿಸಿ, ವರ್ಗಮೂಲ ತೆಗೆದು, 188ರಿಂದ ಗುಣಿಸಿದರೆ ಕಾರಿನ ಮೂತಿ ನಿಮಿಷಕ್ಕೆ ಎಷ್ಟು ಸಲ ತೂಗಲು ಬಯಸುತ್ತದೆ ಅನ್ನುವುದು ಬರುತ್ತದೆ. ಕೊಯ್ದ ಸ್ಪ್ರಿಂಗಿಗೆ ಅದು 98. ನನ್ನ ಕಾರಿನ ಹಿಂಭಾಗದ ಬ್ಲೇಡುಗಳದ್ದು 90ರ ಹತ್ತಿರ. ಉಬ್ಬನ್ನು ಮೊದಲು ಮುಟ್ಟುವುದು ಮುಂದಿನ ಚಕ್ರ. ಹಿಂದಿನದು ಚೂರು ತಡವಾಗಿ ಶುರುಮಾಡಿ, ಬೇಗ ತೂಗಿ, ಮುಂದಿನದನ್ನು ಹಿಡಿದುಬಿಡಬೇಕು. ಆಗ ಕಾರು ಒಟ್ಟಿಗೆ ಎದ್ದು ಒಟ್ಟಿಗೆ ಕೂರುತ್ತದೆ. ನನ್ನದರಲ್ಲಿ ಮುಂದಿನದೇ ಅವಸರದ್ದು, ಹಿಂದಿನದು ಅದನ್ನು ಎಂದೂ ಹಿಡಿಯುವುದಿಲ್ಲ. ಆರಾಮಿನ ರಸ್ತೆ ಕಾರಿಗೆ ಮುಂದೆ 80ರ ಆಸುಪಾಸು ಸಾಕು. ಹಿಂದಿನಿಂದ ಲೆಕ್ಕ ಕಟ್ಟಿಕೊಂಡು ಬಂದರೆ ಸ್ಪ್ರಿಂಗ್ ಇಂಚಿಗೆ 385 ಆಗಬೇಕು. ಅಂಗಡಿಯಲ್ಲಿ ಸಿಗುವುದು 375, 400, 425. 400 ಹಿಡಿದೆ, ತೂಗಾಟ 82.

ಉದ್ದ? 1,208 ಪೌಂಡ್ ಕೂತರೆ 400ರ ಸ್ಪ್ರಿಂಗ್ ಮೂರು ಇಂಚು ಕುಗ್ಗುತ್ತದೆ. ಎಂಟೂವರೆಗೆ ಮೂರು ಕೂಡಿಸಿದರೆ ಹನ್ನೊಂದೂವರೆ.

ಇದನ್ನು ಬರೆದು ಮುಗಿಸಿ ಎರಡು ಸಲ ಓದಿದೆ. ಹನ್ನೊಂದೂವರೆ! ಮೊದಲ ದಿನ ಡಬ್ಬಿಯಿಂದ ತೆಗೆದ ಸ್ಪ್ರಿಂಗಿನ ಉದ್ದವೂ ಅದೇ. ಉದ್ದ ಸರಿಯಾಗಿತ್ತು, ನಾನು ಕೊಯ್ದದ್ದು ಸರಿ ಇದ್ದದ್ದನ್ನೇ. ತಪ್ಪಿದ್ದದ್ದು ಗಡಸು. ಕೊಯ್ಯದೆ ಬಿಟ್ಟಿದ್ದರೂ, ಎಲ್ಲ ಭಾರ ಏರಿದ ಮೇಲೆ ಆ 485ರ ಸ್ಪ್ರಿಂಗ್ ಚಕ್ರದ ಹತ್ತಿರ ಮುಕ್ಕಾಲು ಇಂಚಿಗಿಂತ ಸ್ವಲ್ಪ ಹೆಚ್ಚು ಎತ್ತರ ನಿಂತಿರುತ್ತಿತ್ತು, ಅಷ್ಟೇ. ನನ್ನ ಎರಡೂಕಾಲು ಇಂಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗೋಡೆಗೆ ಒರಗಿಸಿಟ್ಟಿದ್ದ ಮಡ್‌ಗಾರ್ಡು, ಬಾನೆಟ್ಟು, ಬಂಪರುಗಳದ್ದು.

ಕಾಯಿಲ್ ಓವರ್ (ಶಾಕಿನ ಮೇಲೇ ಸ್ಪ್ರಿಂಗ್ ಕೂತ ಜೋಡಿ) ಹಾಕಿಬಿಡು, ನಟ್ಟು ತಿರುಗಿಸಿ ಎತ್ತರ ಸರಿಮಾಡಿಕೊಳ್ಳಬಹುದು ಅಂತ ಇಬ್ಬರು ಮೂವರು ಹೇಳಿದರು. ಆ ನಟ್ಟು ತಿರುಗಿಸಿದರೆ ಎತ್ತರ ಬದಲಾಗುತ್ತದೆಯೇ ಹೊರತು ಗಡಸು ಬದಲಾಗುವುದಿಲ್ಲ. ತಪ್ಪು ಸ್ಪ್ರಿಂಗಿಗೆ ಸರಿಯಾದ ಎತ್ತರ ಕೊಟ್ಟು ಸುಮ್ಮನಾಗಿಬಿಡುವ ಸೌಕರ್ಯ ಅದು. ಸ್ಪ್ರಿಂಗಿನ ಬದಲು ಗಾಳಿ ಚೀಲ ನನಗೆ ಬೇಡ, ಸೋರುವ ಸಾಮಾನು ಮನೆಯಲ್ಲಿ ಆಗಲೇ ಸಾಕಷ್ಟಿವೆ.

ಹೊಸ ಜೊತೆ ಬಂದ ದಿನ ಮೊದಲು ಬಣ್ಣ ಕೆರೆದು ಅಳೆದೆ, ಚಟ ಹತ್ತಿತ್ತು. ಸುತ್ತು ಎಣಿಸಿ, ಪೂರ್ತಿ ಒತ್ತಿ ಸುತ್ತಿಗೆ ಸುತ್ತು ಅಂಟಿದರೆ ಎಷ್ಟು ಎತ್ತರ ಅಂತ ನೋಡಿದೆ: ಐದು ಇಂಚಿಗೂ ಕಡಿಮೆ. ಆರ್ಮ್ ರಬ್ಬರಿಗೆ ಮುಟ್ಟಿದಾಗಲೂ ಸ್ಪ್ರಿಂಗಿನ ಜಾಗ ಏಳು ಇಂಚು ಮೇಲೆ ಇರುತ್ತದೆ, ಸುತ್ತು ಅಂಟುವ ಭಯ ಇಲ್ಲ.

ಹಾಕುವ ಕೆಲಸ ಮಾತ್ರ ನಗುವ ವಿಷಯವಲ್ಲ. ಈ ಮುಂಭಾಗದಲ್ಲಿ ಸ್ಪ್ರಿಂಗಿನ ಹೊಟ್ಟೆ ಕಿರಿದು, ಬಾಡಿಗೆಗೆ ಸಿಗುವ, ಸ್ಪ್ರಿಂಗ್ ಒತ್ತುವ ಕಂಪ್ರೆಸರ್ ಬಹುಪಾಲು ಒಳಗೆ ಹೋಗುವುದೇ ಇಲ್ಲ. ಶಾಕಿನ ಮೇಲಿನ ತೂತಿನಿಂದ ಉದ್ದನೆಯ ಮರೆ (ಸ್ಕ್ರೂ ಸುತ್ತು) ಇರುವ ಗಟ್ಟಿ ರಾಡ್ ಇಳಿಸಿ, ಆರ್ಮಿನ ಕೆಳಗೆ ಅರ್ಧ ಇಂಚು ದಪ್ಪದ ತಗಡು ಕೊಟ್ಟು, ನಟ್ಟು ಬಿಗಿಯುತ್ತಾ ಎಳೆದುಕೊಂಡೆ. ಮರೆಗೆ ಗ್ರೀಸು, ನಟ್ಟಿನ ಕೆಳಗೆ ಬೇರಿಂಗು. ಜೊತೆಗೆ ಸ್ಪ್ರಿಂಗಿನ ಮೂಲಕ ಒಂದು ಸರಪಳಿ ಹಾಯಿಸಿ ಫ್ರೇಮಿಗೆ ಕಟ್ಟಿದೆ, ಪಕ್ಕದಲ್ಲಿ ಜಾಕಿ. ಮೂರು ಇಂಚು ಕುಗ್ಗಿದ ಸ್ಪ್ರಿಂಗಿನಲ್ಲಿ 150 ಪೌಂಡಿನ ಆಳನ್ನು ಒಂದಡಿ ಮೇಲಕ್ಕೆ ಎಸೆಯುವಷ್ಟು ಶಕ್ತಿ ಕಾದು ಕೂತಿರುತ್ತದೆ. ಮಂಡ್ಯದ ಹುಡುಗ ಕೈ ಹಾಕಿ ಸುತ್ತಿನ ತುದಿಯನ್ನು ಪಾಕೆಟ್ಟಿನ ಮೆಟ್ಟಿಲಿಗೆ ತಿರುಗಿಸಲು ಹೊರಟ. "ಲೋ, ಬೆರಳು ತೆಗಿ" ಅಂತ ಕೂಗಿದ ದನಿಗೆ ನಾನೇ ಬೆಚ್ಚಿದೆ. ಉದ್ದನೆಯ ಸ್ಕ್ರೂಡ್ರೈವರಿನಲ್ಲಿ ತಳ್ಳಿ ಕೂರಿಸಿದೆವು. ಬಾಲ್ ಜಾಯಿಂಟಿನ ನಟ್ಟು ಬಿಗಿದು ಪಿನ್ ಹಾಕುವವರೆಗೆ ಇಬ್ಬರೂ ಸ್ಪ್ರಿಂಗಿನ ಎದುರಿಗೆ ನಿಲ್ಲಲಿಲ್ಲ.

ಇಳಿಸಿ, ಕುಲುಕಿಸಿ, ಮುಂದೆ ಹಿಂದೆ ಉರುಳಿಸಿ, ಮಗನನ್ನೂ ಅಕ್ಕಿಯನ್ನೂ ಮತ್ತೆ ಕೂರಿಸಿ ರಸಮಟ್ಟ ಇಟ್ಟೆ. ಬಲಗಡೆ ಗುಳ್ಳೆ ಬಹುಪಾಲು ನಡುವೆ. ಎಡಗಡೆ ಕಾರು ಬಲಕ್ಕಿಂತ ಮೂರು ದಾರ ತಗ್ಗು, ಅಂದರೆ ಇಂಚಿನ ಎಂಟರಲ್ಲಿ ಮೂರು ಪಾಲು. 710ಕ್ಕೂ 662ಕ್ಕೂ ಇರುವ ಅಂತರ ಅದು, ಲೆಕ್ಕದಲ್ಲೂ ಅಷ್ಟೇ ಬಂದಿತ್ತು. ಎಡ ಸ್ಪ್ರಿಂಗಿನ ಮೇಲೆ ವಾಷರ್ ಕೊಟ್ಟು ಎತ್ತಬಹುದಿತ್ತು. ಅದರ ಬದಲು ಎಡ ಮಡ್‌ಗಾರ್ಡಿನ ಒಳಗಿದ್ದ 40 ಪೌಂಡಿನ ಬ್ಯಾಟರಿಯನ್ನು ಡಿಕ್ಕಿಯ ಬಲಮೂಲೆಗೆ ಸಾಗಿಸಿದೆ. ದಪ್ಪ ಕೇಬಲ್ಲಿಗೆ ದುಡ್ಡು ಹೋಯಿತು. ಅಂತರ ಒಂದು ದಾರಕ್ಕೆ ಇಳಿಯಿತು, ಕಣ್ಣಿಗೆ ಕಾಣುವುದಿಲ್ಲ.

ಮುನ್ನೂರು ಮೈಲಿ ಓಡಿಸಿದ ಮೇಲೆ ಎರಡೂ ಕಡೆ ಒಂದೊಂದು ದಾರ ಕೂತಿದೆ, ಆಮೇಲೆ ನಿಂತಿದೆ. ಅಲೈನ್‌ಮೆಂಟ್ ಅದಾದ ಮೇಲೆಯೇ ಮಾಡಿಸಿದೆ, ಮೊದಲೇ ಮಾಡಿಸಿದ್ದರೆ ಎರಡು ಸಲ ದುಡ್ಡು ತೆರಬೇಕಿತ್ತು. ರೈಲ್ವೆ ಕ್ರಾಸಿಂಗಿನಲ್ಲಿ ಬೇಕೆಂದೇ ಅದೇ ವೇಗದಲ್ಲಿ ಹೋದೆ. ಟಪ್ ಟಪ್ ಅಂತ ಎರಡು ಮೆತ್ತನೆಯ ಸದ್ದು, ಸ್ಟೇರಿಂಗ್ ಅಲ್ಲಾಡಲಿಲ್ಲ. ಬಂದು ಪ್ಲಾಸ್ಟಿಸೀನ್ ನೋಡಿದರೆ ಗೋಲಿ ಗೋಲಿಯಾಗೇ ಇತ್ತು.

ಮೆಷಿನ್ನನ್ನು ಒರೆಸಿ ಬಾತ್‌ರೂಮಿನಲ್ಲಿ ವಾಪಸ್ ಇಟ್ಟಿದ್ದೇನೆ. ಅಂದಿನಿಂದ ಅದು ಎರಡು ಪೌಂಡ್ ಹೆಚ್ಚು ತೋರಿಸುತ್ತಿದೆ ಅಂತ ಹೆಂಡತಿಯ ದೂರು. ಕಾರಿನ ಲೆಕ್ಕಕ್ಕೆ ಹಿಡಿದರೆ ಅದು ಆರು ಪೌಂಡು. ಸ್ಪ್ರಿಂಗಿನ ಮೇಲೆ ಅದು ಅರ್ಧ ದಾರದಷ್ಟೂ ಅಲ್ಲ ಅಂತ ಹೇಳಿ ನೋಡಿದೆ, ಅವಳು ಒಪ್ಪಲಿಲ್ಲ.